ದಾನ ಧಮಣಿ ಆಗದಿರಲಿ ಅಂತ: ಬ್ರೈಲ್‌ಗೆ ಹೋಗುವ ಫೈಲು ತಿದ್ದಲು ನಾನು ಸಾಫ್ಟ್‌ವೇರ್ ಆರಿಸಿದ ಕಥೆ

"ಬ್ರೈಲ್ ಮಾಡೋಕೆ ಯಾವ ಸಾಫ್ಟ್‌ವೇರ್ ಬಳಸ್ತೀರಾ?" ಅಂತ ಈ ಕೆಲಸಕ್ಕೆ ಹೊಸದಾಗಿ ಬಂದವರು ಕೇಳುತ್ತಲೇ ಇರುತ್ತಾರೆ. ಒಂದು ಹೆಸರು ಹೇಳಿ ಫೋನ್ ಇಡಬಹುದು. ಆದರೆ ಆ ಹೆಸರಿನಿಂದ ಅವರ ಕಷ್ಟ ತೀರುವುದಿಲ್ಲ. ಬ್ರೈಲ್‌ಗೆ ತಿರುಗಿಸುವುದು ಸುಲಭ, ಒಂದು ಮೆನು, ಒಂದು ಎಂಟರ್, ಮುಗೀತು. ದಿನವೆಲ್ಲ ತಿನ್ನುವುದು ಅದಕ್ಕೂ ಮೊದಲಿನ ತಿದ್ದುವ ಕೆಲಸ. ಅದನ್ನು ಯಾವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇವೆ ಅನ್ನುವುದರ ಮೇಲೆ ಮಕ್ಕಳ ಕೈಗೆ ಎಂಥ ಪುಸ್ತಕ ಹೋಗುತ್ತದೆ ಅನ್ನುವುದು ನಿಂತಿದೆ.

ನನಗೆ ಕಣ್ಣು ಒಂಚೂರೂ ಕಾಣುವುದಿಲ್ಲ. ಕಂಪ್ಯೂಟರ್ ಅಂದರೆ ನನಗೆ ಕೀಬೋರ್ಡು, ಕಿವಿಗೆ ತೆರೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಈಚೆಗೆ ಬೆರಳಿಗೆ ಒಂದು ಪುಟ್ಟ ಬ್ರೈಲ್ ಡಿಸ್‌ಪ್ಲೇ, ಅಂದರೆ ತೆರೆಯ ಸಾಲನ್ನು ಉಬ್ಬು ಚುಕ್ಕಿಗಳಾಗಿ ಎತ್ತಿ ಕೊಡುವ ಸಾಧನ. ಮೌಸ್ ಇದೆ, ಆದರೆ ಅದು ಮನೆಗೆ ಬಂದವರಿಗೆ. ಹೈಸ್ಕೂಲ್ ಮಕ್ಕಳ ಕನ್ನಡ ಮತ್ತು ಸಮಾಜ ವಿಜ್ಞಾನದ ನೋಟ್ಸ್, ಮಾದರಿ ಪ್ರಶ್ನೆಪತ್ರಿಕೆ, ಒಮ್ಮೊಮ್ಮೆ ಕಥೆ ಪುಸ್ತಕ, ಇವೆಲ್ಲ ನನ್ನ ಹತ್ತಿರ ಬರುತ್ತವೆ. ತಿದ್ದಿ, ಬ್ರೈಲ್ ಫೈಲ್ ಮಾಡಿ, ಎಂಬಾಸರ್ (ಹಾಳೆಯ ಮೇಲೆ ಬ್ರೈಲ್ ಚುಕ್ಕಿ ಒತ್ತುವ ಯಂತ್ರ) ಇರುವವರಿಗೆ ಕಳಿಸಬೇಕು. ಪುಸ್ತಕಗಳನ್ನು ಹೀಗೆ ಅಂಧರು ಓದುವ ರೂಪಕ್ಕೆ ತಿರುಗಿಸಲು ಕಾನೂನಿನ ತೊಡಕಿಲ್ಲ, 2012ರ ಕಾಪಿರೈಟ್ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ. ತೊಡಕು ಇರುವುದು ಫೈಲಿನೊಳಗೆ.

ಫೈಲುಗಳು ಹೇಗೆ ಬರುತ್ತವೆ ಅಂತ ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಡಿಟಿಪಿಯಿಂದ ಬರುವ ಕನ್ನಡ ಜಾಸ್ತಿ ಪಾಲು ಹಳೆಯ ನುಡಿ ಫಾಂಟಿನಲ್ಲಿರುತ್ತದೆ. ತೆರೆಯ ಮೇಲೆ ಮುದ್ದಾದ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು, ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೇ. ಸ್ಕ್ರೀನ್ ರೀಡರ್‌ಗೆ ವೇಷ ಕಾಣುವುದಿಲ್ಲ. "ಕನ್ನಡ" ಅನ್ನುವ ಪದದ ಮೇಲೆ ಬಾಣದ ಕೀ ಒತ್ತುತ್ತಾ ಹೋದರೆ ನನಗೆ ಕೇಳುವುದು ಪಿ, ತಲೆ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಎಸ್, ಕ್ಯೂ, ಕೊನೆಗೆ ಇನ್ನೊಂದು ಎ. ಇದನ್ನು ಹಾಗೇ ಬ್ರೈಲ್‌ಗೆ ತಿರುಗಿಸಿದರೆ ಪುಟಗಟ್ಟಲೆ ಕಸ ಬರುತ್ತದೆ.

ಆದ್ದರಿಂದ ಯುನಿಕೋಡ್‌ಗೆ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇರುವ ವ್ಯವಸ್ಥೆಗೆ ಬದಲಿಸುವುದು ಮೊದಲ ಕೆಲಸ. ಉಚಿತ ಪರಿವರ್ತಕಗಳು ಬೇಕಾದಷ್ಟು ಇವೆ, ಕನ್ನಡದ ಮಟ್ಟಿಗೆ ಕೆಲಸವೂ ಚೆನ್ನಾಗಿದೆ. ಒಂದೇ ತೊಂದರೆ, ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ನುಡಿ ಅಂತಲೇ ತಿಳಿದು ಕನ್ನಡದ ಕಲಸುಮೇಲೋಗರ ಮಾಡಿಬಿಡುತ್ತವೆ. ಕಾಗದದ ಪುಸ್ತಕ ಮಾತ್ರ ಇದ್ದರೆ ಯಾರಿಂದಲಾದರೂ ಸ್ಕ್ಯಾನ್ ಮಾಡಿಸಿ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯುತ್ತೇನೆ. ಕನ್ನಡ ಅಕ್ಷರಗಳನ್ನು ಅದು ಸಾಕಷ್ಟು ಸರಿಯಾಗಿ ಗುರುತಿಸುತ್ತದೆ.

ಇಷ್ಟಾದ ಮೇಲೆ ಎಲ್ಲ ಸರಿ ಹೋಯಿತು ಅಂದುಕೊಳ್ಳುತ್ತೀರಿ ಅಲ್ವಾ? ಇಲ್ಲಿಂದಲೇ ನಿಜವಾದ ತಲೆನೋವು ಶುರು.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬೇರೆ ಯಾವುದೋ ಕಡೆಯಿಂದ ಬಂದ ಬ್ರೈಲ್ ಹಾಳೆ ಇಟ್ಟುಕೊಂಡು ಫೋನ್ ಮಾಡಿದಳು. "ಅಕ್ಕಾ, ದಾನ ಧಮಣಿ ಅಂದ್ರೆ ಏನು?" ವಿಜ್ಞಾನದ ಪಾಠ ಇರಬೇಕು, ಧಮನಿ ಇರಬೇಕು ಅಂದೆ. "ಇಲ್ಲ ಅಕ್ಕ, ಕನ್ನಡ ಪಾಠ. ರಾಜ ದಾನ ಧಮಣಿ ಮಾಡಿದ ಅಂತಿದೆ." ಇಬ್ಬರೂ ನಕ್ಕೆವು. ಆದರೆ ಯಾಕೆ ಹೀಗಾಯಿತು ಅಂತ ತಲೆಗೆ ಹುಳ ಬಿಟ್ಟ ಹಾಗಾಯಿತು. ಮೂಲ ಫೈಲ್ ತರಿಸಿ ಎನ್‌ವಿಡಿಎಯಲ್ಲಿ ಕೇಳಿದೆ. ಅದು ಓದಿದ್ದು "ದಾನ ಧಮ ಒಂಬತ್ತು". ಟೈಪ್ ಮಾಡಿದವರು ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನು ಹಾಕಿದ್ದರು, ಧಮ೯ ಅಂತ. ಎರಡರ ಆಕಾರವೂ ಹೆಚ್ಚುಕಮ್ಮಿ ಒಂದೇ ಅಂತೆ, ಕಣ್ಣಿದ್ದವರಿಗೆ ಏನೂ ಅನಿಸುವುದಿಲ್ಲ. ಬ್ರೈಲ್‌ನಲ್ಲಿ ಒಂಬತ್ತು ಬರೆಯಲು ಮೊದಲು ಸಂಖ್ಯಾ ಚಿಹ್ನೆ ಬೇಕು, ಚುಕ್ಕಿ 3-4-5-6 (ಒಂದು ಬ್ರೈಲ್ ಚೌಕದ ಆರು ಚುಕ್ಕಿಗಳನ್ನು 1ರಿಂದ 6 ಅಂತ ಕರೆಯುತ್ತೇವೆ). ಆಮೇಲೆ ಚುಕ್ಕಿ 2-4. ಭಾರತದ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಅದೇ 3-4-5-6 ನಮ್ಮ "ಣ", ಅದೇ 2-4 ನಮ್ಮ "ಇ". ಎರಡೂ ಸೇರಿದರೆ ಣಿ. ಹುಡುಗಿ ಓದಿದ್ದರಲ್ಲಿ ಒಂದಿಷ್ಟೂ ತಪ್ಪಿಲ್ಲ.

ಇದರ ಅಣ್ಣ ಸೊನ್ನೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಹಾಕುವುದು ಎಷ್ಟು ಸಾಮಾನ್ಯ ಅಂದರೆ ಅದಿಲ್ಲದ ಫೈಲೇ ನನಗೆ ಸಿಗುವುದು ಕಡಿಮೆ. "ಬ೦ದ" ಅಂತ ಸೊನ್ನೆ ಹಾಕಿ ಟೈಪ್ ಮಾಡಿದರೆ ತೆರೆಯ ಮೇಲೆ ವ್ಯತ್ಯಾಸವೇ ಗೊತ್ತಾಗುವುದಿಲ್ಲವಂತೆ. ಬ್ರೈಲ್‌ನಲ್ಲಿ "ಬ" ಆದ ಮೇಲೆ ಸಂಖ್ಯಾ ಚಿಹ್ನೆ, ಆಮೇಲೆ ಸೊನ್ನೆ, ಆಮೇಲೆ "ದ". ಆದರೆ "ದ" ಅಂದರೆ ಚುಕ್ಕಿ 1-4-5, ಸಂಖ್ಯಾ ಚಿಹ್ನೆಯ ಆಮೇಲೆ ಬಂದರೆ ಅದು ನಾಲ್ಕು. ಬಂದ ಅನ್ನುವುದು "ಬ 04" ಆಗಿ ಕೂರುತ್ತದೆ. ಡಿಟಿಪಿ ಹುಡುಗನಿಗೆ ಇದನ್ನು ಹೇಳಿದರೆ, "ಮೇಡಂ, ನನ್ ಸ್ಕ್ರೀನ್ ಮೇಲೆ ಎಲ್ಲಾ ಕರೆಕ್ಟಾಗೇ ಇದೆ, ನಿಮ್ ಸಾಫ್ಟ್‌ವೇರ್ ಒಂದ್ಸಲ ಚೆಕ್ ಮಾಡಿಸ್ಕೊಳ್ಳಿ" ಅಂತಾನೆ. ನೋಡೋಕೆ ಸರಿ ಇದೆಯಪ್ಪಾ, ಕೇಳೋಕೆ ಸರಿ ಇಲ್ಲ ಅಂತ ಹೇಳಿ ಹೇಳಿ ಈಗ ಅವನೇ ಸ್ವಲ್ಪ ಹುಷಾರಾಗಿದ್ದಾನೆ.

ಸಾಫ್ಟ್‌ವೇರ್ ಹುಡುಕುವಾಗ ನನ್ನ ತಲೆಯಲ್ಲಿ ಇದ್ದದ್ದು ಇವೇ. ಕರ್ಸರ್ ಇರುವ ಜಾಗದಲ್ಲಿ ನಿಜವಾಗಿ ಯಾವ ಅಕ್ಷರ ಕೂತಿದೆ ಅಂತ ನನಗೆ ತಿಳಿಯಬೇಕು. ಆ ಸಾಲು ಶೀರ್ಷಿಕೆಯೋ, ಪಟ್ಟಿಯೋ, ಬರೀ ದಪ್ಪ ಅಕ್ಷರವೋ ಅಂತಲೂ ತಿಳಿಯಬೇಕು. ಎಲ್ಲವೂ ಕೀಬೋರ್ಡಿನಿಂದಲೇ ಆಗಬೇಕು. ಬಣ್ಣ, ಚಂದದ ಐಕಾನು, ಪ್ರಿವ್ಯೂ ಕಟ್ಟಿಕೊಂಡು ನನಗೇನು?

ಸುಮ್ನೆ ಜಾಹೀರಾತು ನಂಬುವುದು ಬೇಡ ಅಂತ ಒಂದು ಪರೀಕ್ಷಾ ಹಾಳೆ ತಯಾರು ಮಾಡಿದೆ. ಅದರಲ್ಲಿ ಒಂದು ಶೀರ್ಷಿಕೆ, ಒಂದು ಉಪಶೀರ್ಷಿಕೆ, ಸೊನ್ನೆ ಹಾಕಿದ "ಬಂದ", ಒಂಬತ್ತು ಹಾಕಿದ "ಧರ್ಮ", ಕ್ಷ ಮತ್ತು ಜ್ಞ ಇರುವ ಪದಗಳು, ಒಂದು ಇಂಗ್ಲಿಷ್ ಸಾಲು, ಕನ್ನಡ ಅಂಕಿಯಲ್ಲೂ ಇಂಗ್ಲಿಷ್ ಅಂಕಿಯಲ್ಲೂ ಒಂದೊಂದು ಇಸವಿ, ಒಂದು ಪುಟ್ಟ ಟೇಬಲ್, ಒಂದು ಅಡಿಟಿಪ್ಪಣಿ. ಯಾವ ಸಾಫ್ಟ್‌ವೇರ್ ಸಿಕ್ಕಿದರೂ ಇದೇ ಹಾಳೆಯನ್ನು ಅದರ ಬಾಯಿಗೆ ಹಾಕುವುದು, ಏನು ಹೇಳುತ್ತದೆ ಕೇಳುವುದು.

ಮೊದಲು ಬಂದದ್ದು ದುಡ್ಡು ಕೊಟ್ಟು ಕೊಳ್ಳುವ ಒಂದು ಪ್ಯಾಕೇಜು, ಹೆಸರು ಬೇಡ. ತೋರಿಸಲು ಬಂದವರು ಒಳ್ಳೆಯ ಮನುಷ್ಯರೇ. "ಮೇಡಂ, ಇಲ್ಲಿ ಕ್ಲಿಕ್ ಮಾಡಿದ್ರೆ ಬ್ರೈಲ್ ರೆಡಿ." ಇಲ್ಲಿ ಅಂದ್ರೆ ಎಲ್ಲಿ ಸರ್, ಅಂದೆ. ಟ್ಯಾಬ್ ಒತ್ತುತ್ತಾ ಹೋದರೆ ಎನ್‌ವಿಡಿಎ "ಬಟನ್, ಬಟನ್, ಬಟನ್" ಅಂತ ಜಪ ಮಾಡಿತು, ಒಂದಕ್ಕೂ ಹೆಸರಿಲ್ಲ. ಬ್ರೈಲ್ ಕಾಣುವ ಕಿಟಕಿಗೆ ಹೋದರೆ ಪೂರ್ತಿ ಮೌನ, ಯಾಕೆಂದರೆ ಅಲ್ಲಿ ಚುಕ್ಕಿಗಳನ್ನು ಚಿತ್ರವಾಗಿ ಬಿಡಿಸಿದ್ದರು. ಅಂಧರಿಗಾಗಿ ಪುಸ್ತಕ ಮಾಡುವ ಸಾಫ್ಟ್‌ವೇರನ್ನು ಅಂಧರೇ ಬಳಸಬಹುದು ಅಂತ ಮಾಡಿದವರಿಗೆ ಹೊಳೆದೇ ಇರಲಿಲ್ಲ. ಈ ಕೆಲಸಕ್ಕೆ ಬರುವ ಹಲವು ಸಾಫ್ಟ್‌ವೇರ್‌ಗಳ ಕಥೆ ಇದೇ. ಕೊಳ್ಳುವ ಮುಂಚೆ ಮೌಸ್ ಪಕ್ಕಕ್ಕಿಟ್ಟು ತೋರಿಸಿ ಅಂತ ಕೇಳಿ. ಅರ್ಧ ಜನ ಅಲ್ಲೇ ಸೋಲುತ್ತಾರೆ.

ಡಕ್ಸ್‌ಬರಿ ಬಗ್ಗೆ ಎಲ್ಲರೂ ಕೇಳುತ್ತಾರೆ. 1975ರಲ್ಲಿ ಅಮೆರಿಕದಲ್ಲಿ ಶುರುವಾದ ಕಂಪನಿ, ಬ್ರೈಲ್ ಪ್ರೆಸ್‌ಗಳಲ್ಲಿ ದೊಡ್ಡ ಹೆಸರು, ಭಾರತದ ಭಾಷೆಗಳೂ ಅದರಲ್ಲಿವೆ. ಸ್ಕ್ರೀನ್ ರೀಡರ್ ಜೊತೆ ಹೊಂದಿಕೊಳ್ಳುತ್ತದೆ. ಸಂಸ್ಥೆಯವರು ಕೊಡಿಸುವುದಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಸ್ವಂತ ದುಡ್ಡಲ್ಲಿ ನನ್ನಂಥವರಿಗೆ ಅದು ಕೈಗೆಟುಕದ ಮಾತು.

ಬ್ರೈಲ್‌ಬ್ಲಾಸ್ಟರ್ ಉಚಿತ, ಅಮೆರಿಕನ್ ಪ್ರಿಂಟಿಂಗ್ ಹೌಸ್ ಫಾರ್ ದಿ ಬ್ಲೈಂಡ್ ಕೊಡುವಂಥದ್ದು. ಅಲ್ಲಿನ ಶಾಲಾ ಪಠ್ಯಪುಸ್ತಕಗಳ ನಿಯಮಕ್ಕೆ ತಕ್ಕಂತೆ ಕಟ್ಟಿದ್ದಾರೆ. ಇಂಗ್ಲಿಷ್ ಪಾಠಗಳಿಗೆ ನಾನು ಅದನ್ನೇ ಬಳಸುತ್ತೇನೆ. ಕನ್ನಡಕ್ಕೆ ಅದರಲ್ಲಿ ಒದ್ದಾಡುವ ಅಗತ್ಯ ನನಗೆ ಬರಲಿಲ್ಲ.

ಹೀಗೆ ನೋಡುತ್ತಾ ನೋಡುತ್ತಾ ನನಗೆ ಒಂದು ಸ್ಪಷ್ಟವಾಯಿತು. ಬ್ರೈಲ್ ಸಾಫ್ಟ್‌ವೇರ್ ಒಳಗೆ ಕೂತು ತಿದ್ದಬಾರದು. ಬ್ರೈಲ್ ಆದ ಮೇಲಂತೂ ತಿದ್ದಲೇಬಾರದು. ಬಿಆರ್‌ಎಫ್ ಫೈಲ್ ಅಂದರೆ ಚುಕ್ಕಿಗಳನ್ನು ಇಂಗ್ಲಿಷ್ ಕೀಬೋರ್ಡಿನ ಗುರುತುಗಳಲ್ಲಿ ಬರೆದಿಟ್ಟ ಸಾದಾ ಫೈಲ್. ಅದನ್ನು ಸ್ಕ್ರೀನ್ ರೀಡರ್‌ನಲ್ಲಿ ಕೇಳಿದರೆ "ಕನ್ನಡ" ಅನ್ನುವುದು "ಕೆ ಅಟ್ ಎನ್ ಎನ್ ಡಾಲರ್" ಆಗುತ್ತದೆ. ಅಟ್ ಅಂದರೆ ಚುಕ್ಕಿ 4, ನಮ್ಮ ಅರ್ಧಾಕ್ಷರದ ಗುರುತು, ಬ್ರೈಲ್‌ನಲ್ಲಿ ಅದು ಅಕ್ಷರಕ್ಕಿಂತ ಮೊದಲು ಬರುತ್ತದೆ. ಡಾಲರ್ ಅಂದರೆ "ಡ". ಅಭ್ಯಾಸವಾದರೆ ಓದಬಹುದು, ನಾನೂ ಓದುತ್ತೇನೆ. ಆದರೆ ಅದರಲ್ಲಿ ಸಾಲಿಗೆ 40 ಚೌಕ, ಪುಟಕ್ಕೆ 25 ಸಾಲು ಅಂತ ಆಗಲೇ ಅಚ್ಚುಕಟ್ಟಾಗಿ ಕೂತುಬಿಟ್ಟಿರುತ್ತದೆ. ನಡುವೆ ಒಂದು ಪದ ಸೇರಿಸುವುದು ನೆಯ್ದ ಸೀರೆಯ ನಡುವಿನ ಎಳೆ ಜಗ್ಗಿದ ಹಾಗೆ, ಕೆಳಗಿನ ಸಾಲುಗಳೆಲ್ಲ ಸುಕ್ಕು. ಹಾಗಾಗಿ ತಪ್ಪು ಸಿಕ್ಕರೆ ಹಿಂದಕ್ಕೆ ಹೋಗಿ ಮೂಲ ಫೈಲಿನಲ್ಲೇ ಸರಿ ಮಾಡಿ ಮತ್ತೆ ತಿರುಗಿಸುತ್ತೇನೆ. ತಿರುಗಿಸಲು ಕ್ಷಣ ಸಾಕು, ಕಷ್ಟ ಏನಿಲ್ಲ.

ಅಂದರೆ ನನಗೆ ಬೇಕಿದ್ದದ್ದು ಒಳ್ಳೆಯ ಎಡಿಟರ್. ಇಲ್ಲಿ ಕೊನೆಗೆ ಎರಡನ್ನು ಹಿಡಿದುಕೊಂಡೆ, ಒಂದರಿಂದ ಆಗಲಿಲ್ಲ.

ಒಂದು ಮೈಕ್ರೋಸಾಫ್ಟ್ ವರ್ಡ್. ಉಚಿತ ಅಲ್ಲ, ಆದರೆ ಎನ್‌ವಿಡಿಎ ಜೊತೆ ಇದರಷ್ಟು ಮಾತಾಡುವ ಎಡಿಟರ್ ನನಗೆ ಸಿಗಲಿಲ್ಲ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ಎಫ್ ಒತ್ತಿದರೆ ಕರ್ಸರ್ ಇರುವ ಕಡೆಯ ಫಾರ್ಮ್ಯಾಟಿಂಗ್ ಅಷ್ಟೂ ಹೇಳುತ್ತದೆ. ಎನ್‌ವಿಡಿಎ ಕೀ ಜೊತೆ ಸ್ಪೇಸ್ ಒತ್ತಿ ಬ್ರೌಸ್ ಮೋಡ್‌ಗೆ ಹೋದರೆ ಎಚ್ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ, ಟಿ ಒತ್ತಿ ಟೇಬಲ್‌ನಿಂದ ಟೇಬಲ್‌ಗೆ ಜಿಗಿಯಬಹುದು. ಇದು ಬರೀ ಓಡಾಟದ ಅನುಕೂಲ ಅಂದುಕೊಳ್ಳಬೇಡಿ. ಡಿಟಿಪಿಯವರು ಅಕ್ಷರ ದೊಡ್ಡದು ಮಾಡಿ, ದಪ್ಪ ಮಾಡಿ, ಸ್ಪೇಸ್ ಒತ್ತಿ ಒತ್ತಿ ಮಧ್ಯಕ್ಕೆ ತಂದು ಶೀರ್ಷಿಕೆ ಅನ್ನುತ್ತಾರೆ. ಬ್ರೈಲ್ ಸಾಫ್ಟ್‌ವೇರ್‌ಗೆ ಅದು ಇನ್ನೊಂದು ಸಾಲು ಅಷ್ಟೇ. ಎಚ್ ಒತ್ತಿದಾಗ ಎನ್‌ವಿಡಿಎ ಅಲ್ಲಿ ನಿಲ್ಲದಿದ್ದರೆ ಅದು ಶೀರ್ಷಿಕೆಯೇ ಅಲ್ಲ ಅಂತ ಆಗಲೇ ಗೊತ್ತಾಗುತ್ತದೆ, ಕಂಟ್ರೋಲ್ ಆಲ್ಟ್ 1 ಒತ್ತಿ ನಿಜವಾದ ಶೀರ್ಷಿಕೆ ಮಾಡುತ್ತೇನೆ.

ವರ್ಡ್‌ನ ಫೈಂಡ್ ಪೆಟ್ಟಿಗೆಯಲ್ಲಿ ಇನ್ನೊಂದು ಚಮತ್ಕಾರ ಇದೆ. ಕ್ಯಾರೆಟ್ ಗುರುತು (^), ಅದರ ಪಕ್ಕ ಇಂಗ್ಲಿಷ್‌ನ ಸಣ್ಣ ಯು, ಅದರ ಪಕ್ಕ 3302 ಅಂತ ಹಾಕಿ ಹುಡುಕಿದರೆ ಕನ್ನಡದ ಸೊನ್ನೆಗಳನ್ನು ಮಾತ್ರ ಹಿಡಿದು ತರುತ್ತದೆ. ಯುನಿಕೋಡ್‌ನಲ್ಲಿ ಸೊನ್ನೆಯ ಸಂಖ್ಯೆ 3302, ಅನುಸ್ವಾರದ್ದು 3202. ಅನುಮಾನ ಬಂದ ಅಕ್ಷರದ ಮೇಲೆ ಕರ್ಸರ್ ಇಟ್ಟು ನಂಬರ್ ಪ್ಯಾಡಿನ 2 ಅನ್ನು ಮೂರು ಸಲ ಬೇಗ ಒತ್ತಿದರೆ ಎನ್‌ವಿಡಿಎ ಈ ಸಂಖ್ಯೆ ಹೇಳುತ್ತದೆ. ಕಿವಿಗೆ ಸಿಗುವ ಇನ್ನೊಂದು ಸುಳಿವೂ ಇದೆ. ಬಾಣದ ಕೀ ಒತ್ತುತ್ತಾ ಹೋಗುವಾಗ ಸರಿಯಾದ "ಬಂ" ಒಂದೇ ಹೆಜ್ಜೆಗೆ ಬರುತ್ತದೆ. ಸೊನ್ನೆ ಇದ್ದರೆ ಮೊದಲು "ಬ", ಆಮೇಲೆ ಬೇರೆಯಾಗಿ "ಸೊನ್ನೆ".

ಎರಡನೆಯದು ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ಉಚಿತ, ಹಗುರ, ಎನ್‌ವಿಡಿಎಗೆ ಹೊಂದುತ್ತದೆ. ಪರಿವರ್ತಕದಿಂದ ಬಂದ ಪಠ್ಯವನ್ನು ವರ್ಡ್‌ಗೆ ಹಾಕುವ ಮೊದಲು ಇಲ್ಲಿ ತೊಳೆಯುತ್ತೇನೆ. ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಬದಲಿಸಿದರೆ ೧೯೫೦ ಅನ್ನುವ ಇಸವಿಯೂ ಹಾಳಾಗುತ್ತದೆ ಅಲ್ವಾ? ಇಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಹುಡುಕುವ ನಿಯಮ ಬರೆದು, ಕನ್ನಡ ಅಕ್ಷರದ ಅಥವಾ ಕಾಗುಣಿತದ ಗುರುತಿನ ಬೆನ್ನಿಗೇ ಅಂಟಿಕೊಂಡ ಸೊನ್ನೆ ಮಾತ್ರ ಬದಲಾಗಲಿ ಅಂತ ಹೇಳಬಹುದು. ಒಂಬತ್ತಿಗೂ ಹೀಗೇ ಹುಡುಕುತ್ತೇನೆ, ಆದರೆ ಬದಲಿಸುವುದು ಕೈಯಿಂದಲೇ. ಯಾಕೆಂದರೆ ಅರ್ಕಾವೊತ್ತು ಕಣ್ಣಿಗೆ ಅಕ್ಷರದ ಆಮೇಲೆ ಕಂಡರೂ ಟೈಪಿಂಗ್‌ನಲ್ಲಿ "ರ್" ಮೊದಲು ಬರಬೇಕು. ಪಿಡಿಎಫ್‌ನಿಂದ ನಕಲು ಮಾಡಿದ ಪಠ್ಯದಲ್ಲಿ ಪ್ರತಿ ಸಾಲಿನ ಕೊನೆಗೂ ಎಂಟರ್ ಇರುತ್ತದೆ, ಅದನ್ನು ತೆಗೆಯುವುದೂ ಇಲ್ಲೇ. ಇಲ್ಲದಿದ್ದರೆ ಬ್ರೈಲ್ ಹಾಳೆಯಲ್ಲಿ ಅರ್ಧರ್ಧ ಸಾಲು ಖಾಲಿ ಹೋಗುತ್ತದೆ, ಮೊದಲೇ ಒಂದು ಪುಟ ಎರಡು ಮೂರು ಬ್ರೈಲ್ ಪುಟ ಆಗುವ ಕಾಲದಲ್ಲಿ ಈ ದುಂದು ಯಾಕೆ.

ಕಣ್ಣಿಗೂ ಕಾಣದ, ಕಿವಿಗೂ ಕೇಳದ ಒಂದು ಅಕ್ಷರವೂ ಇದೆ. "ಸಾಫ್ಟ್‌ವೇರ್" ಅಂತ ಬರೆಯುವಾಗ "ಟ್" ಮತ್ತು "ವೇ" ಒತ್ತಾಗಿ ಅಂಟಿಕೊಳ್ಳದಿರಲಿ ಅಂತ ನಡುವೆ ಸೇರಿಸುವ ಶೂನ್ಯ ಅಗಲದ ಅಕ್ಷರ, ಸಂಖ್ಯೆ 8204. ಬ್ರೈಲ್‌ನಲ್ಲಿ ಒತ್ತಕ್ಷರ ಅನ್ನುವ ಆಕಾರವೇ ಇಲ್ಲ, ಆದ್ದರಿಂದ ಅದರ ಕೆಲಸವೂ ಇಲ್ಲ. ತಿರುಗಿಸುವ ಸಾಫ್ಟ್‌ವೇರ್‌ಗೆ ಗೊತ್ತಿಲ್ಲದ ಅಕ್ಷರ ಸಿಕ್ಕರೆ ಅದರ ಕೋಡನ್ನೇ ಚುಕ್ಕಿಯಲ್ಲಿ ಬರೆದುಬಿಡುವ ಸಾಧ್ಯತೆ ಇರುವುದರಿಂದ ನಾನು ಬ್ರೈಲ್ ಪ್ರತಿಯಿಂದ ಇವನ್ನೆಲ್ಲ ತೆಗೆದುಹಾಕುತ್ತೇನೆ. ಕಣ್ಣಿರುವವರ ಪ್ರತಿ ಬೇರೆ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಅವರು ಬೈಯುತ್ತಾರೆ.

ಲಿಬ್ರೆ ಆಫೀಸ್ ರೈಟರ್ ನೋಡಲಿಲ್ಲವಾ ಅಂತ ಕೇಳುವವರಿಗೆ: ನೋಡಿದೆ. ವರ್ಡ್‌ಗೆ ದುಡ್ಡಿಲ್ಲದಿದ್ದರೆ ಅದರಲ್ಲೂ ಕೆಲಸ ಆಗುತ್ತದೆ, ಕಂಟ್ರೋಲ್ 1 ಒತ್ತಿದರೆ ಶೀರ್ಷಿಕೆ, ಎಫ್5 ಒತ್ತಿದರೆ ನ್ಯಾವಿಗೇಟರ್. ನನಗೆ ವರ್ಡ್ ಕೈ ಕೂತಿದೆ. ಗೂಗಲ್ ಡಾಕ್ಸ್‌ನಲ್ಲಿ ಸ್ಕ್ರೀನ್ ರೀಡರ್ ಬೆಂಬಲ ಬೇರೆಯಾಗಿ ಆನ್ ಮಾಡಿಕೊಳ್ಳಬೇಕು, ಆದರೆ ನಮ್ಮ ಕಡೆಯ ಇಂಟರ್ನೆಟ್ ನಂಬಿಕೊಂಡು ಉದ್ದದ ಪುಸ್ತಕ ತಿದ್ದಲು ನಾನು ತಯಾರಿಲ್ಲ.

ಇನ್ನು ಬ್ರೈಲ್‌ಗೆ ತಿರುಗಿಸಲು ನಾನು ಹಿಡಿದದ್ದು ಸಾವೊ ಮಾಯ್ ಬ್ರೈಲ್. ವಿಯೆಟ್ನಾಂನ ಒಂದು ಅಂಧರ ಕೇಂದ್ರ ಹೊರತಂದ ಉಚಿತ ಸಾಫ್ಟ್‌ವೇರ್. ಸ್ಕ್ರೀನ್ ರೀಡರ್ ಬಳಸುವವರನ್ನು ತಲೆಯಲ್ಲಿಟ್ಟುಕೊಂಡೇ ಮಾಡಿದ್ದಾರೆ ಅಂತ ಮೆನು ತೆರೆದ ಕೂಡಲೇ ಗೊತ್ತಾಗುತ್ತದೆ. ವರ್ಡ್ ಫೈಲ್ ತೆರೆಯುತ್ತೇನೆ, ಕನ್ನಡದ ಬ್ರೈಲ್ ಟೇಬಲ್ (ಯಾವ ಅಕ್ಷರಕ್ಕೆ ಯಾವ ಚುಕ್ಕಿ ಅನ್ನುವ ಪಟ್ಟಿ) ಆರಿಸುತ್ತೇನೆ, ಹಾಳೆಯ ಅಳತೆ ಹೇಳುತ್ತೇನೆ, ಮುಗೀತು.

ಇದನ್ನು ಆರಿಸಲು ಬೆಲೆಗಿಂತ ದೊಡ್ಡ ಕಾರಣ ಬೇರೆ ಇತ್ತು. ಇದರ ಒಳಗೆ ಬ್ರೈಲ್ ಮಾಡುವ ಎಂಜಿನ್ನಿನ ಹೆಸರು ಲಿಬ್‌ಲೂಯಿ. ಎನ್‌ವಿಡಿಎ ಒಳಗೂ ಅದೇ ಲಿಬ್‌ಲೂಯಿ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಎನ್‌ವಿಡಿಎ ಪೂರ್ತಿ ಉಚಿತ, ಅದನ್ನು ಕಟ್ಟಿದ ಮೈಕೆಲ್ ಕರನ್ ಮತ್ತು ಜೇಮೀ ಟೆ ಇಬ್ಬರೂ ಅಂಧರೇ. ಬ್ರೈಲ್ ಡಿಸ್‌ಪ್ಲೇ ಜೋಡಿಸಿ ಎನ್‌ವಿಡಿಎಯಲ್ಲಿ ಕನ್ನಡದ ಬ್ರೈಲ್ ಟೇಬಲ್ ಆರಿಸಿದರೆ, ವರ್ಡ್‌ನಲ್ಲಿ ತಿದ್ದುತ್ತಿರುವಾಗಲೇ ಆ ಸಾಲು ಚುಕ್ಕಿಯಾಗಿ ಬೆರಳಿಗೆ ಸಿಗುತ್ತದೆ. ಒಂದೇ ಎಂಜಿನ್ ಆದ್ದರಿಂದ ಈಗ ಬೆರಳಿಗೆ ಸಿಕ್ಕಿದ್ದೇ ನಾಳೆ ಹಾಳೆಯ ಮೇಲೂ ಬರುತ್ತದೆ ಅನ್ನುವ ಧೈರ್ಯ. ಧಮಣಿ ಬಂದರೆ ವರ್ಡ್‌ನಲ್ಲೇ ಸಿಕ್ಕಿಬೀಳುತ್ತದೆ.

ಡಿಸ್‌ಪ್ಲೇ ಇಲ್ಲದೆ ಆಗುವುದಿಲ್ಲವಾ? ಆಗುತ್ತದೆ, ಆದರೆ ಕನ್ನಡಕ್ಕೆ ಕಿವಿ ಮಾತ್ರ ಸಾಲದು ಅಂತ ನನ್ನ ಅಭಿಪ್ರಾಯ. ಎನ್‌ವಿಡಿಎ ಮಾತಾಡಲು ಬಳಸುವ ಇ-ಸ್ಪೀಕ್‌ನ ಕನ್ನಡ ಧ್ವನಿಯನ್ನು ವೇಗವಾಗಿ ಓಡಿಸುವಾಗ ಶ ಯಾವುದು ಷ ಯಾವುದು, ದ ಯಾವುದು ಧ ಯಾವುದು ಅಂತ ಹಿಡಿಯುವುದು ಕಷ್ಟ. ಬೆರಳಿಗೆ ಶ ಅಂದರೆ 1-4-6, ಷ ಅಂದರೆ 1-2-3-4-6, ಗೊಂದಲದ ಮಾತೇ ಇಲ್ಲ. ನನ್ನದು 20 ಚೌಕದ ಚಿಕ್ಕ ಡಿಸ್‌ಪ್ಲೇ. ಹಾಳೆಯ ಒಂದು ಬ್ರೈಲ್ ಸಾಲನ್ನು ಎರಡು ತುಂಡಾಗಿ ಓದಬೇಕು, ಆದರೂ ಸಾಕು. ಪುಸ್ತಕ ಪೂರ್ತಿ ಕಿವಿಯಲ್ಲಿ ಕೇಳುತ್ತೇನೆ. ಪದ್ಯ, ಹೆಸರುಗಳು, ವ್ಯಾಕರಣದ ಪಾಠ, ಬಿಟ್ಟ ಸ್ಥಳ ತುಂಬಿರಿ, ಇವನ್ನು ಮಾತ್ರ ಬಿಡದೆ ಬೆರಳಲ್ಲಿ ಓದುತ್ತೇನೆ.

ಯಾವ ಸಾಫ್ಟ್‌ವೇರೂ ಮಾಡಿಕೊಡದ ಕೆಲವು ಕೆಲಸ ಉಳಿದೇ ಉಳಿಯುತ್ತವೆ. ಮೂಲ ಪುಸ್ತಕದ ಪುಟಸಂಖ್ಯೆಯನ್ನು ನಾನು ಅಲ್ಲಲ್ಲಿ ಪ್ರತ್ಯೇಕ ಸಾಲಾಗಿ ಹಾಕುತ್ತೇನೆ, ಕ್ಲಾಸಿನಲ್ಲಿ ಮೇಷ್ಟ್ರು "ನಲವತ್ತೆರಡನೇ ಪುಟ ತೆಗೀರಿ" ಅಂದರೆ ನಮ್ಮ ಮಕ್ಕಳೂ ತೆಗೆಯಬೇಕಲ್ಲ. ಅಗಲದ ಟೇಬಲ್‌ಗಳು 40 ಚೌಕದಲ್ಲಿ ಹಿಡಿಯುವುದಿಲ್ಲ, ರಾಜವಂಶ, ಕಾಲ, ರಾಜಧಾನಿ ಅಂತ ಬಿಡಿಸಿ ಸಾಲು ಸಾಲಾಗಿ ಬರೆಯುತ್ತೇನೆ. ನಕ್ಷೆ ಬಂದರೆ ಕಣ್ಣಿರುವ ಯಾರನ್ನಾದರೂ ಕೂರಿಸಿಕೊಂಡು ವಿವರಣೆ ಬರೆಸಿಕೊಳ್ಳುತ್ತೇನೆ. ಎಂಬಾಸರ್ ಇರುವವರಿಗೆ ಫೈಲ್ ಕಳಿಸುವಾಗ ಮೊದಲ ಹಾಳೆ ಮಾತ್ರ ಒತ್ತಿ ಕಳಿಸಿ ಅಂತ ಹೇಳುತ್ತೇನೆ. ಅವರ ಯಂತ್ರದಲ್ಲಿ ಸಾಲಿನ ಅಗಲ ಬೇರೆ ಇದ್ದರೆ ಒಂದು ಹಾಳೆಯಲ್ಲೇ ಗೊತ್ತಾಗುತ್ತದೆ.

ಗಣಿತ ಮಾತ್ರ ನಾನು ಇನ್ನೂ ಮುಟ್ಟಿಲ್ಲ. ವರ್ಡ್‌ನ ಸಮೀಕರಣಗಳಿಂದ ಬ್ರೈಲ್‌ವರೆಗಿನ ದಾರಿಯನ್ನು ಸ್ಕ್ರೀನ್ ರೀಡರ್ ಇಟ್ಟುಕೊಂಡು ಕನ್ನಡ ಮಾಧ್ಯಮಕ್ಕೆ ಯಾರಾದರೂ ಮಾಡಿದ್ದರೆ ದಯವಿಟ್ಟು ಹೇಳಿ. ನನ್ನ ಪರೀಕ್ಷಾ ಹಾಳೆ ಬೇಕಾದವರು ಕೇಳಿ, ಕಳಿಸುತ್ತೇನೆ. ಸೊನ್ನೆ, ಒಂಬತ್ತು ಎಲ್ಲ ಹಾಗೇ ಬಿಟ್ಟಿದ್ದೇನೆ, ಸರಿ ಮಾಡಿ ವಾಪಸ್ ಕಳಿಸಬೇಡಿ.